ಒಗ್ಗರಣೆಯಿಲ್ಲದ ಆಲ್ಪ್ಸ್

ಜಯಂತ ಮಾಡಿದ ತಪ್ಪು ಒಂದೇ: ದಪ್ಪ ಜಾಕೆಟನ್ನು ಕೊಂಡುಕೊಳ್ಳದೆ ಕೇಳಿ ಪಡೆಯಲು ಹೋದದ್ದು. ಟೆಕ್ಸಾಸಿನ ಯೂಲೆಸ್ ಊರಿನ ಸೆಕೆಯಲ್ಲಿರುವವನಿಗೆ ಅಂಥ ಜಾಕೆಟ್ ಯಾಕೆ ಎಂದು ಅಲ್ಲೇ ಹತ್ತಿರದ ಮರ್ಫಿ ಊರಿನ ನಾಗಮಣಿ ಆಂಟಿ ಫೋನಿನಲ್ಲೇ ಕೇಳಿದರು. ತಕ್ಷಣಕ್ಕೆ ಸುಳ್ಳು ಹೊಳೆಯದೆ ಅವನು ನಿಜ ಹೇಳಿಬಿಟ್ಟ. ಮದುವೆಯಾದಾಗಿನಿಂದ ಅವನೂ ಸಂಹಿತಾಳೂ ಇಬ್ಬರೇ ಎಲ್ಲಿಗೂ ಹೋದವರಲ್ಲ. ಬರುವ ಫೆಬ್ರವರಿಯಲ್ಲಿ ಫ್ರಾನ್ಸಿನ ಆಲ್ಪ್ಸ್‌ಗೆ, ಸ್ಕೀ ಮಾಡಲು, ಇಬ್ಬರೇ ಹೊರಟಿದ್ದರು.

ಇದು ಶನಿವಾರ ಬೆಳಗ್ಗೆ. ಊಟದ ಹೊತ್ತಿಗೆ ಆಂಟಿಯ ಯಜಮಾನರು ನಂಜುಂಡಸ್ವಾಮಿ ಮತ್ತು ಅವರ ಗೆಳೆಯ, ನಿವೃತ್ತ ಮೂಳೆ ಡಾಕ್ಟರ್ ಕೃಷ್ಣಮೂರ್ತಿ, ಇಬ್ಬರೂ ಸಪತ್ನೀಕರಾಗಿ ಇವರ ಜೊತೆ ಆಲ್ಪ್ಸ್‌ಗೆ ಹೊರಡಲು ತಯಾರಾಗಿದ್ದರು.

"ಗ್ರೂಪ್ ಆದ್ರೆ ಡಿಸ್ಕೌಂಟ್ ಸಿಗತ್ತಪ್ಪಾ! ಸಂಜೆ ನಮ್ಮನೆಗೆ ಬನ್ನಿ, ಪ್ಲಾನ್ ಮಾಡೋಣ," ಎಂದರು ನಂಜುಂಡಸ್ವಾಮಿ ಫೋನಿನಲ್ಲಿ.

ಸಂಹಿತಾ ಮುಖ ಊದಿಸಿಕೊಂಡಳು. "ಬರಬೇಡಿ ಅಂತ ಹೇಳಿಬಿಡು."

"ನಾನ್ಯಾಕೆ ಹೇಳ್ಲಿ? ಅವರೇ ಬರಲ್ಲ ಅನ್ನೋ ಹಾಗೆ ಮಾಡ್ತೀನಿ, ನೋಡ್ತಿರು," ಎಂದ ಜಯಂತ. ಆಫೀಸಿನಲ್ಲಿ ಎಂಥೆಂಥ ಮೊಂಡು ಕ್ಲೈಂಟುಗಳನ್ನೋ ಪಳಗಿಸಿದ್ದವನು.

ಸಂಜೆ ಮರ್ಫಿಯಲ್ಲಿ, ಹೆಂಗಸರು ಅಡುಗೆಮನೆ ಸೇರಿದ ಮೇಲೆ, ಅವನು ಶುರುಮಾಡಿದ. "ಅಲ್ಲಿ ಊಟಕ್ಕೆ ಬರೀ ಚೀಸು ಅಂಕಲ್. ರೂಮಲ್ಲಿ ಒಗ್ಗರಣೆ ಹಾಕೋ ಹಾಗೇ ಇಲ್ಲ. ಸಾಸಿವೆ ಚಟಪಟ ಅಂದ್ರೆ ಸಾಕು, ಅಲಾರಂ ಬಡ್ಕೊಳತ್ತೆ, ಎಲ್ಲರನ್ನೂ ಹಿಮಕ್ಕೆ ಓಡಿಸ್ತಾರೆ."

ನಂಜುಂಡಸ್ವಾಮಿಯವರ ಮುಖ ಉಪ್ಪಿಲ್ಲದ ಸಾರಿನಂತಾಯಿತು. "ಒಂದು ವಾರ ತಿಳಿಸಾರೂ ಇಲ್ವೇ? ನಾನೊಲ್ಲೆನಪ್ಪ."

ಡಾಕ್ಟರು ಬಗ್ಗಲಿಲ್ಲ.

"ಬಿದ್ರೆ ಮಂಡಿ ಮುರಿಯತ್ತೆ ಅಂಕಲ್."

"ಮುರೀಲಿ, ನಾನಿದ್ದೀನಲ್ಲ!"

"ನಿಮ್ಮದೇ ಮುರಿದ್ರೆ?"

ಡಾಕ್ಟರು ಮಂಡಿ ಸವರಿಕೊಂಡರು. ಆದರೂ ಕಣ್ಣು ಕಿರಿದು ಮಾಡಿ, "ಮತ್ತೆ ನೀನ್ಯಾಕಯ್ಯಾ ಹೋಗ್ತಿದ್ದೀಯ?" ಎಂದರು.

ಜಯಂತ ಅದಕ್ಕೂ ಸಿದ್ಧನಿದ್ದ. "ಎಲ್ಲಿ ಹೋಗ್ತಿದ್ದೀನಿ? ನಾನೂ ಬಿಟ್ಟೆ ಅಂಕಲ್!" ಎಂದು ಗಟ್ಟಿಯಾಗಿಯೇ ಸಾರಿದ.

"ಹಾಗಾದ್ರೆ ನಂಗೂ ಬೇಡ," ಎಂದರು ಡಾಕ್ಟರು. ಜಯಂತ ಗೆದ್ದ ಪೈಲ್ವಾನನಂತೆ ಸೋಫಾಕ್ಕೆ ಒರಗಿದ.

ಅಷ್ಟರಲ್ಲಿ ನಾಗಮಣಿ ಆಂಟಿ ಸೌಟು ಹಿಡಿದೇ ಹಾಲಿಗೆ ಬಂದರು. ಹಿಂದೆ ಡಾಕ್ಟರ ಹೆಂಡತಿ ಅಹಲ್ಯಾ, ಅವರ ಹಿಂದೆ ಸಂಹಿತಾ.

"ಎಲ್ಲಾ ಕೇಳಿಸ್ತು ಕಣಪ್ಪ ಜಯಂತ. ಒಂದು ವಾರ ಅಡುಗೆ ಮಾಡೋ ಹಾಗೇ ಇಲ್ವಾ? ನಿಜವಾಗ್ಲೂ?"

"ನಿಜ ಆಂಟಿ."

"ಗಂಡಸರೂ ಯಾರೂ ಬರಲ್ಲ?"

"ಇಲ್ಲ... ಆಂಟಿ."

"ಸ್ವರ್ಗ ಕಣ್ರೇ!" ಅಹಲ್ಯಾ ಚಪ್ಪಾಳೆ ತಟ್ಟಿದರು. "ನಾವು ಮೂರು ಜನ ಹೊರಟ್ವಿ!"

ಜಯಂತ ಹೆಂಡತಿಯತ್ತ ನೋಡಿದ. ಅವಳು ಪಕ್ಕಕ್ಕೆ ಬಂದು, "ಈಗ ಬಾಯಿ ಬಿಟ್ರೆ ನಿನ್ನ ಸುಳ್ಳು ಹೊರಗೆ ಬರತ್ತೆ, ಸುಮ್ನಿರು," ಎಂದು ಪಿಸುಗುಟ್ಟಿದಳು. ಆ ದನಿಯಲ್ಲಿ ಅವನು ಬೇಸರ ಹುಡುಕಿದ. ಸಿಗಲಿಲ್ಲ.

ಡಾಕ್ಟರು ಅವನ ಹೆಗಲ ಮೇಲೆ ಕೈ ಹಾಕಿದರು.

"ಒಬ್ಬನೇ ಆಗ್ತೀನಿ ಅಂತ ಯೋಚನೆ ಮಾಡ್ಬೇಡಯ್ಯಾ. ಆ ವಾರ ಪೂರ್ತಿ ನಾವಿಬ್ಬರೂ ನಿಮ್ಮನೇಲೇ ಇರ್ತೀವಿ."