ವೈನಿ ಕೂತು ಕುಡಿಸಿದ ಔಷಧಿ

ನಮ್ಮ ಕಡೆ ಬಿಪಿ ಇದ್ದವರು ಅದನ್ನು ಒಂದು ಬಿರುದಿನಂತೆ ಹೇಳಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವರಂತೂ ಮದುವೆ ಮನೆಯಲ್ಲಿ ಪರಿಚಯವಾದ ಐದನೇ ನಿಮಿಷಕ್ಕೆ ತಮ್ಮ ಅಂಕಿ ಹೇಳಿ ನಿಮ್ಮದನ್ನು ಕೇಳುತ್ತಾರೆ. ಮೊಣಕಾಲು ನೋವೆಂದರೆ ಹತ್ತು ಜನ ಹತ್ತು ಎಣ್ಣೆ ಹೇಳುತ್ತಾರೆ. ಕೂರುವ ಜಾಗದ ತೊಂದರೆಯನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ದೇವರು ಅದನ್ನು ಹಿಂದೆ ಇಟ್ಟದ್ದೇ ಯಾರೂ ವಿಚಾರಿಸಬಾರದೆಂದು, ಎಂಬಂತೆ ಬದುಕುತ್ತೇವೆ. ನಾನೂ ಹಾಗೇ ಬದುಕಿದವನು. ಅದೂ ಹುನಗುಂದದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿ, ಪ್ರತಿ ವರ್ಷ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ದೊಡ್ಡ ಕರುಳು ಬಿಡಿಸಿ, ಇದರ ಕೆಲಸ ನೀರು ಹೀರುವುದು ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ದಾಟಿದವನು.

ನನ್ನ ಅಣ್ಣ ಈರಣ್ಣ ಇಳಕಲ್ಲಿನ ನಮ್ಮ ಮನೆಯಲ್ಲಿ ಸೀರೆ ನೇಯುತ್ತಿದ್ದ. ನನಗಿಂತ ಏಳು ವರ್ಷ ದೊಡ್ಡವನು. ನನ್ನನ್ನು ಓದಿಸಿದವನೂ ಅವನೇ. ಹೀಗಾಗಿ ಮನೆಯಲ್ಲಿ ಮಿಕ್ಸರ್ ಕೆಟ್ಟರೂ, ಮೊಬೈಲು ಕೆಟ್ಟರೂ, ಹೊಟ್ಟೆ ಕೆಟ್ಟರೂ ಕೇಳುವುದು ಓದಿದವನಾದ ನನ್ನನ್ನೇ. ಒಂದು ಭಾನುವಾರ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಅಣ್ಣ, ವೈನಿ, ಅಂದರೆ ನನ್ನ ಅತ್ತಿಗೆ, ಒಳಗೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸಿದ.

"ತಮ್ಮಾ, ಸಂಡಾಸಿಗೆ ಹೋದಾಗ ರಕ್ತ ಬೀಳಾಕತ್ತೈತಿ. ಎರಡು ತಿಂಗಳಾತು."

"ಮೂಲವ್ಯಾಧಿ ಇರಬೇಕು ಬಿಡಣ್ಣ," ಎಂದೆ. "ದಿನಾ ಕೂತ ಕೆಲಸ ನಿಂದು. ಖಾರ ಕಡಿಮಿ ಮಾಡು, ಮಜ್ಜಿಗಿ ಕುಡಿ."

"ಅಂದ್ರ ಚಿಂತಿ ಇಲ್ಲಂತಿ?"

"ಏನೂ ಇಲ್ಲ."

ನೋಡದೆ, ಮುಟ್ಟದೆ, ಕೇಳಿದ ಕ್ಷಣಕ್ಕೇ ರೋಗ ಕಂಡುಹಿಡಿಯುವ ನನ್ನಂಥ ವೈದ್ಯ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಅಣ್ಣ ನಂಬಿದ. ಒಂದು ವರ್ಷ ಮಜ್ಜಿಗೆ ಕುಡಿದ. ಅವನ ಅಂಗಿ ಸಡಿಲಾದದ್ದನ್ನು ಕಂಡು, ಖಾರ ಬಿಟ್ಟದ್ದರಿಂದ ಮೈ ಹಗುರಾಗಿದೆ ಎಂದು ನಾನು ಹೊಗಳಿದ್ದೂ ಉಂಟು.

ಕೊನೆಗೆ ಬಾಗಲಕೋಟೆಯ ದವಾಖಾನೆಗೆ ಹೋದಾಗ ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಆಪರೇಷನ್ ಆಯಿತು, ಕಿಮೊ ಆಯಿತು. ಎಂಟು ತಿಂಗಳಿಗೆ ಅಣ್ಣ ಹೋದ. ಅವನಿನ್ನೂ ದವಾಖಾನೆಯಲ್ಲಿದ್ದಾಗಲೇ ಒಂದು ದಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದಿದ್ದರು.

"ನೀವು ಸ್ವಂತ ತಮ್ಮ ಏನ್ರಿ?"

"ಹೌದ್ರಿ."

"ಇಂಥಾದ್ದು ಒಮ್ಮಿಲೇ ಬರೂದಿಲ್ರಿ. ಮೊದಲು ಕರುಳಿನ ಒಳಗ ಅಣಬಿ ಹಂಗ ಸಣ್ಣ ಗಂಟು ಏಳ್ತಾವು, ಪಾಲಿಪ್ ಅಂತೀವಿ. ನೋವಿಲ್ಲ, ಏನಿಲ್ಲ. ಎಲ್ಲಾ ಕೆಡೂದಿಲ್ಲ. ಕೆಲವು ಮಾತ್ರ ವರ್ಷಗಟ್ಟಲೆ ಬೆಳದು ಹಿಂಗಾಗ್ತಾವು. ಗಂಟಿದ್ದಾಗ ಸಿಕ್ಕಿದ್ರ ಅಲ್ಲೇ ಕತ್ತರಿಸಿ ತಗೀತಿದ್ವಿ. ಅಣ್ಣಾರಿಗೆ ಬಂದೈತಿ ಅಂದಮ್ಯಾಲೆ ನಿಮಗ ಏನೂ ತ್ರಾಸ ಇರದಿದ್ರೂ ನೀವು ನೋಡಿಸ್ಕೋಬೇಕು."

ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಉಪವಾಸ ಬೇಕಿಲ್ಲ, ಇಂಜೆಕ್ಷನ್ ಬೇಕಿಲ್ಲ. ಅಣ್ಣ ಹೋದ ಮೇಲೆ ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ಮತಪಟ್ಟಿಯ ಕೆಲಸ ಬಂತು, ಶ್ರಾವಣ ಬಂತು. ಇವೆಲ್ಲ ನೆಪ. ಹಿಂದಿನಿಂದ ಕ್ಯಾಮೆರಾ ಹಾಕುತ್ತಾರೆಂಬ ನಾಚಿಕೆ ಒಂದು ಪಾಲಾದರೆ, ಒಳಗೆ ಏನಾದರೂ ಸಿಕ್ಕಿಬಿಟ್ಟರೆ ಎಂಬ ಹೆದರಿಕೆ ಮೂರು ಪಾಲು. ಹೀಗೆ ಹದಿನಾಲ್ಕು ತಿಂಗಳು ಕಳೆದೆ.

ಒಂದು ಮುಂಜಾನೆ ವೈನಿ ಇಳಕಲ್ಲಿನಿಂದ ಬಂದು ಹುನಗುಂದದ ನನ್ನ ಮನೆ ಬಾಗಿಲಲ್ಲಿ ನಿಂತರು. ಹಿಂದಿನ ವಾರವೇ ಒಬ್ಬರೇ ಬಾಗಲಕೋಟೆಗೆ ಹೋಗಿ, ಡಾಕ್ಟರಮ್ಮನ ಹತ್ತಿರ ದಿನ ಗೊತ್ತುಮಾಡಿ, ಹೊಟ್ಟೆ ತೊಳೆಯುವ ಔಷಧಿಯ ಪುಡಿಯನ್ನೂ ತಂದಿದ್ದರು. ನನ್ನ ಹೆಂಡತಿಗೆ ಎಲ್ಲ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ.

"ನಾಳಿಗೆ ಬಾಗಲಕೋಟಿಗೆ ಹೋಗೂದೈತಿ," ಎಂದರು. "ಇವತ್ತು ನಿನಗ ಎಳನೀರು, ಸಾರಿನ ತಿಳಿ, ಅಷ್ಟ."

"ವೈನಿ, ಸಾಲ್ಯಾಗ..."

"ಸಾಲಿಗೆ ರಜಾ ಚೀಟಿ ಮುಟ್ಟೈತಿ."

ಮಧ್ಯಾಹ್ನ ಆ ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ ಮುಂದಿಟ್ಟರು. ಉಪ್ಪುನೀರಿಗೆ ನಿಂಬೆಯ ಹೆಸರಿಟ್ಟು ಮೋಸ ಮಾಡಿದಂಥ ರುಚಿ. ಮೂರನೇ ಗ್ಲಾಸಿಗೆ ನಾನು ಸಂಡಾಸಿಗೆ ಓಡಿದೆ. ಆಮೇಲೆ ಹೊರಗೆ ಬಂದದ್ದೆಲ್ಲ ಮತ್ತೆ ಓಡುವುದಕ್ಕೇ. ವೈನಿ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ನಲವತ್ತೆರಡು ವರ್ಷ ನನ್ನೆದುರು ತಲೆ ಮೇಲಿನ ಸೆರಗು ಜಾರಗೊಡದ ಹೆಣ್ಣುಮಗಳು ಕೂಗಿ ಕೇಳಿದರು:

"ಬಣ್ಣ ಹೆಂಗೈತಿ?"

"ವೈನಿ!"

"ನೀರಿನಂಗ ತಿಳಿ ಆಗಬೇಕಂತ ಹೇಳ್ಯಾರ. ಹೇಳು, ಹೆಂಗೈತಿ?"

"ಇನ್ನೂ ಹಳದಿ ಐತ್ರಿ."

ಮುಖ ಕಾಣದ ಧೈರ್ಯವೋ ಏನೋ, ಅಲ್ಲೇ ಕೂತು, ಎರಡು ವರ್ಷ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ. "ವೈನಿ, ಅಣ್ಣ ರಕ್ತದ್ದು ಮೊದಲ ನನಗ ಹೇಳಿದ್ದ. ಮಜ್ಜಿಗಿ ಕುಡಿ ಅಂದಾಂವ ನಾನ."

ಹೊರಗೆ ಕುರ್ಚಿ ಸರಿದ ಸದ್ದಾಯಿತು. ಎದ್ದು ಹೋದರೇನೋ ಅಂದುಕೊಂಡೆ.

"ಗೊತ್ತೈತಿ," ಎಂದರು ಆಮೇಲೆ. "ವರ್ಷಪೂರ್ತಿ ಆ ಮಜ್ಜಿಗಿ ಕಡದಾಕಿ ನಾನ. ನಿನ್ನ ಮ್ಯಾಲೆ ಸಿಟ್ಟೈತಿ ನನಗ. ಅದು ಹೋಗಂಗಿಲ್ಲ. ಇನ್ನೆರಡು ಗ್ಲಾಸ್ ಉಳದೈತಿ, ಹೊರಗ ಬಂದು ಕುಡಿ."

ಬಂದು ಕುಡಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನದ ಪರೀಕ್ಷೆಯ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಒಂದು ಇಂಜೆಕ್ಷನ್ ಕೊಟ್ಟರು, ನಿದ್ದೆ ಬಂತು, ಎದ್ದಾಗ ಮುಗಿದಿತ್ತು. ಹದಿನಾಲ್ಕು ತಿಂಗಳು ಹೆದರಿದ್ದು ಅರ್ಧ ಗಂಟೆಯ ನಿದ್ದೆಗೆ. ಡಾಕ್ಟರಮ್ಮ ಚಿತ್ರ ತೋರಿಸಿದರು. ಎರಡು ಪಾಲಿಪ್, ಒಂದು ತೊಗರಿ ಕಾಳಿನಷ್ಟು, ಇನ್ನೊಂದು ಶೇಂಗಾ ಬೀಜದಷ್ಟು. ಎರಡನ್ನೂ ತಂತಿಯ ಕುಣಿಕೆ ಹಾಕಿ ತೆಗೆದಿದ್ದರು. ವಾರದ ಮೇಲೆ ರಿಪೋರ್ಟಿಗೆಂದು ವೈನಿಯೊಂದಿಗೆ ಮತ್ತೆ ಹೋದೆ. ಕ್ಯಾನ್ಸರ್ ಅಲ್ಲ. ಆದರೆ ದೊಡ್ಡದು ಆ ಕಡೆಗೆ ಹೊರಟಿತ್ತು. ನೋವಿಲ್ಲ, ರಕ್ತವಿಲ್ಲ, ಎರಡು ಹೊತ್ತು ರೊಟ್ಟಿ ತಿಂದು ಅರಗಿಸಿಕೊಳ್ಳುತ್ತಿದ್ದ ನನ್ನೊಳಗೆ ಅದು ಸುಮ್ಮನೆ ಬೆಳೆಯುತ್ತಿತ್ತು.

"ಮೂರು ವರ್ಷಕ್ಕ ಮತ್ತ ಬರ್ರಿ," ಎಂದರು ಡಾಕ್ಟರಮ್ಮ. "ಅಣ್ಣಾರ ಮಕ್ಕಳಿಗೂ ಹೇಳ್ರಿ. ನಲವತ್ತಕ್ಕ ಅವರೂ ಮಾಡಿಸ್ಕೋಬೇಕು."

ವೈನಿ ರಿಪೋರ್ಟನ್ನು ಮಡಚಿ ಚೀಲದಲ್ಲಿಟ್ಟುಕೊಂಡರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವರು, ಅಮೀನಗಡ ಬರುವವರೆಗೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ನಾನು ಬದುಕಿದ್ದಕ್ಕೋ, ಅಣ್ಣ ಬದುಕದೆ ಹೋದದ್ದಕ್ಕೋ, ಕೇಳುವ ಧೈರ್ಯವಾಗಲಿಲ್ಲ.

ಮನೆಗೆ ಬಂದವನೇ ಅಣ್ಣನ ಮಗ ಬಸುಗೆ ಫೋನ್ ಮಾಡಿದೆ. ಬಾದಾಮಿಯಲ್ಲಿ ಸರ್ಕಾರಿ ನೌಕರಿ, ಮೊನ್ನೆ ನಲವತ್ತು ತುಂಬಿದೆ. ಪಾಲಿಪ್ ಎಂದರೇನು, ಹೇಗೆ ಬೆಳೆಯುತ್ತದೆ, ಯಾಕೆ ತಡ ಮಾಡಬಾರದು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಕಾಕಾ, ಡಾಕ್ಟರು ಹೇಳಿದಮ್ಯಾಲೆ ನೀವು ಎಷ್ಟು ದಿನಕ್ಕ ಹೋದ್ರಿ?"

"ಹದಿನಾಲ್ಕು ತಿಂಗಳಿಗೆ."

"ಹಂಗಾದ್ರ ನನಗೂ ಅಷ್ಟು ಟೈಮ್ ಕೊಡ್ರಲಾ."

ಫೋನನ್ನು ವೈನಿಯ ಕೈಗೆ ಕೊಟ್ಟೆ.

"ಬಸೂ," ಎಂದರು ಅವರು, "ಪುಡಿ ತಗೊಂಡು ನಾಳಿ ಬರ್ಲೋ, ನಾಡದ್ದ ಬರ್ಲೋ?"