ಐದು ಗಂಟೆಯ ಗೋಲು

ನೀರು ಸರಬರಾಜು ಇಲಾಖೆಯ ನಿಯಮಾವಳಿಯ ಪ್ರಕಾರ ಫುಟ್‌ಬಾಲ್ ಪಂದ್ಯವು ಮಧ್ಯಾಹ್ನ ಮೂರಕ್ಕೆ ಆರಂಭವಾಗಿ ಐದಕ್ಕೆ ಮುಗಿಯತಕ್ಕದ್ದು. ಆ ವರ್ಷದ ಅಂತಿಮ ಪಂದ್ಯ ಐದು ಗಂಟೆ ಎರಡು ಸೆಕೆಂಡಿಗೆ ಮುಗಿಯಿತು. ತಪ್ಪು ಪಂದ್ಯದ್ದೇ ಎಂಬುದರಲ್ಲಿ ಇಲಾಖೆಯ ಯಾರಿಗೂ ಅನುಮಾನವಿರಲಿಲ್ಲ.

ತೊಂದರೆಗೆ ಸಿಕ್ಕಿದ್ದು ಮಾತ್ರ ಎಡಗಾಲಣ್ಣ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವುದು ಅವನ ಕೆಲಸ. ಹನ್ನೊಂದು ವರ್ಷದಿಂದ ದಿನಗೂಲಿ. ಮೂರು ಸಲ ನಾಯಿ ಕಚ್ಚಿತ್ತು, ಮೂರು ಸಲವೂ ಇಲಾಖೆ ನಾಯಿಯ ಹೇಳಿಕೆ ಇಲ್ಲವೆಂದು ಪರಿಹಾರದ ಅರ್ಜಿ ವಾಪಸು ಕಳಿಸಿತ್ತು. ಎಡಗಾಲಲ್ಲಿ ಚೆಂಡು ಸಿಕ್ಕರೆ ಮಾತ್ರ ಅವನು ಬೇರೆಯೇ ಮನುಷ್ಯ. ಹಾಗಾಗಿ ಆ ಸುತ್ತೋಲೆ ಗೋಡೆಗೆ ಬಿದ್ದಾಗ ಅವನು ಅದನ್ನು ನಿಂತಲ್ಲೇ ಏಳು ಸಲ ಓದಿದ.

'ಅಂತಿಮ ಪಂದ್ಯದಲ್ಲಿ ಗೆಲುವಿನ ಗೋಲು ಹೊಡೆಯುವ ನೌಕರನಿಗೆ ಖಾಯಂ ಹುದ್ದೆ ನೀಡಲಾಗುವುದು. ಈಗಾಗಲೇ ಖಾಯಂ ಆಗಿದ್ದಲ್ಲಿ ಒಂದು ಬಡ್ತಿ. ಗೋಲು ಎಂದರೆ ಇಲಾಖೆಯ ರೆಕಾರ್ಡರಿನಲ್ಲಿ ದಾಖಲಾದ ಗೋಲು ಎಂದು ಅರ್ಥೈಸತಕ್ಕದ್ದು.'

ಮನೆಗೆ ಬಂದು ಹೇಳಿದಾಗ ಹೆಂಡತಿ ಕೇಳಿದಳು, "ಆ ರೆಕಾರ್ಡರು ಯಾರ ಹತ್ರ ಇರುತ್ತೆ?"

"ದಾಖಲೆ ಗುಮಾಸ್ತರ ಹತ್ರ."

"ಮನುಷ್ಯ ಹೇಗೆ?"

"ತುಂಬಾ ಶಿಸ್ತು."

"ಅಯ್ಯೋ ದೇವರೇ," ಅಂದಳು ಅವಳು.

ಗುಮಾಸ್ತರು ನಿಜಕ್ಕೂ ಶಿಸ್ತಿನವರು. ಟಿ.ವಿ.ಯಲ್ಲಿ ಬರುವ ನೇರಪ್ರಸಾರವನ್ನು ಮೂರರಿಂದ ಐದರವರೆಗೆ ಹಿಡಿದಿಡುವಂತೆ ಯಂತ್ರಕ್ಕೆ ಹಿಂದಿನ ದಿನವೇ ಹೇಳಿಟ್ಟಿದ್ದರು. ಐದಕ್ಕೆ ಇನ್ನೊಂದು ಚಾನೆಲ್ಲಿನಲ್ಲಿ ಇಲಾಖೆಯ ನಿರ್ದೇಶಕರ 'ನೀರು ಉಳಿಸಿ' ಭಾಷಣ. ಹೋದ ವಾರವೇ ಚಿತ್ರೀಕರಿಸಿದ್ದು. ಅದನ್ನೂ ಹಿಡಿಯಲು ಹೇಳಿಟ್ಟರು. ಒಂದು ದಿನಕ್ಕೆ ಒಂದೇ ಕಡತ ಎಂಬುದು ಅವರ ಪದ್ಧತಿ, ಆದ್ದರಿಂದ ಎರಡನ್ನೂ ಒಂದಕ್ಕೊಂದು ಅಂಟಿಸಿದರು. ನಡುವೆ ಒಂದು ಕೂದಲು ತೂರಿಸುವಷ್ಟೂ ಸಂದು ಬಿಡಲಿಲ್ಲ.

ಪಂದ್ಯ ತಲಾ ಒಂದು ಗೋಲಿನಿಂದ ಸಮವಾಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ಮೊದಲು ಹೊಡೆದವರು ಗೆದ್ದಂತೆ. ಐದು ಗಂಟೆಗೆ ಒಂದು ಸೆಕೆಂಡು ಬಾಕಿ ಇರುವಾಗ ಎಡಗಾಲಣ್ಣ ನೂರೈವತ್ತು ಅಡಿಯಿಂದ ಎತ್ತಿ ಬಾರಿಸಿದ. ಐದು ಗಂಟೆ ಎರಡು ಸೆಕೆಂಡಿಗೆ ಬಲೆ ಅಲುಗಿತು. ಮೂರು ಸಾವಿರ ಜನ ಎದ್ದು ಕುಣಿದರು. ಹೆಂಡತಿ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ನೆರಳಿನ ಸಾಲಿನಲ್ಲಿ ತೂಕಡಿಸುತ್ತಿದ್ದ ನಿರ್ದೇಶಕರು ಗದ್ದಲಕ್ಕೆ ಎಚ್ಚೆತ್ತು, "ಏನಾಯ್ತು?" ಎಂದು ಕೇಳಿದರು.

ಹದಿನೈದು ದಿನಗಳ ಮೇಲೆ ಪರಿಶೀಲನಾ ಸಮಿತಿ ಸೇರಿತು. ಎಡಗಾಲಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಬಳಿ ನಿಂತ. ಪರದೆಯ ಮೇಲೆ ಅವನ ಕಾಲು ಬೀಸಿತು, ಚೆಂಡು ಹಾರಿತು, ಮತ್ತು ಕೂಡಲೇ ಕೋಟು ತೊಟ್ಟ ನಿರ್ದೇಶಕರು ಎರಡೂ ಕೈ ಮೇಲೆತ್ತಿ, "ಬಂಧುಗಳೇ, ಇದು ನಮ್ಮೆಲ್ಲರ ಗೆಲುವು!" ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ.

ಸಮಿತಿ ಅದನ್ನು ನಾಲ್ಕು ಸಲ ನೋಡಿತು.

"ಗೋಲು ಹೊಡೆದವರು ಕೈ ಎತ್ತುತ್ತಾರೆ. ಇದು ಎಲ್ಲ ಕಡೆ ಇರೋದೇ," ಎಂದರು ಅಧ್ಯಕ್ಷರು.

"ಆದ್ರೆ ಸಾಹೇಬ್ರು ಕೋಟು ಹಾಕಿದಾರಲ್ಲ?" ಎಂದರು ಕಿರಿಯ ಸದಸ್ಯರು.

"ಚಳಿ ಇತ್ತೇನೋ."

ಎಡಗಾಲಣ್ಣ ಬಾಗಿಲು ಬಿಟ್ಟು ಮುಂದೆ ಬಂದ. "ಸ್ವಾಮೀ, ಆ ಗೋಲು ನಂದು! ಮೂರು ಸಾವಿರ ಜನ ನೋಡಿದಾರೆ!"

"ಅವರಲ್ಲಿ ರೆಕಾರ್ಡರು ಎಷ್ಟು ಜನ?" ಎಂದು ಗುಮಾಸ್ತರು ಸೌಮ್ಯವಾಗಿ ಕೇಳಿದರು. "ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗುವುದಾದರೆ ಹದಿನೈದು ದಿನ ಮುಂಚೆ ನಮೂನೆ ಒಂಬತ್ತರಲ್ಲಿ ತಿಳಿಸಬೇಕಿತ್ತು. ಸಮ ಮಾಡಿಕೊಳ್ಳುವ ಉದ್ದೇಶವಿದೆ ಅಂತ ಎರಡೂ ತಂಡದವರು ಸಹಿ ಹಾಕಿ ಕೊಟ್ಟಿದ್ದರೆ ನಾನು ಆರು ಗಂಟೆವರೆಗೆ ಹಿಡೀತಿದ್ದೆ. ನನಗೇನು ದ್ವೇಷವಾ?"

ದ್ವೇಷವಿಲ್ಲವೆಂದು ಎಡಗಾಲಣ್ಣ ಒಪ್ಪಬೇಕಾಯಿತು.

ನಿರ್ದೇಶಕರನ್ನು ಕರೆಸಿದರು. ಅವರು ಮೊದಲಿಗೆ ವಿನಯದಿಂದ ನಿರಾಕರಿಸಿದರು. ಆಮೇಲೆ ಎರಡು ಸಲ ನೋಡಿ, "ನನಗೆ ನೆನಪಿಲ್ಲ. ಆದ್ರೆ ದಾಖಲೆ ಸುಳ್ಳು ಹೇಳುತ್ತಾ?" ಎಂದರು. ಮೂರನೆಯ ಸಲ ನೋಡುವಾಗ ಮೊಣಕಾಲು ಸವರಿಕೊಂಡು, "ಅವತ್ತಿಂದ ಇಲ್ಲಿ ನೋಯ್ತಾ ಇದೆ," ಎಂದೂ ಸೇರಿಸಿದರು. ಸೋತ ತಂಡದ ಗೋಲ್‌ಕೀಪರನನ್ನೂ ವಿಚಾರಿಸಲಾಯಿತು. ಮೀಟರ್ ಓದುವವನ ಕೈಲಿ ಸೋತೆನೆಂದು ಎರಡು ವಾರದಿಂದ ಊಟ ಬಿಟ್ಟಿದ್ದ ಅವನು, "ಸಾಹೇಬ್ರದ್ದೇ ಇರಬೇಕು. ಇಲ್ಲಾಂದ್ರೆ ನಾನು ಬಿಡ್ತಿದ್ನಾ?" ಎಂದು ಸಂತೋಷದಿಂದ ಸಹಿ ಹಾಕಿದ.

ಆದೇಶ ಹೊರಬಿತ್ತು. ನಿರ್ದೇಶಕರು ಮಹಾನಿರ್ದೇಶಕರಾದರು. ಕೊನೆಯ ಪಾಸ್ ಕೊಟ್ಟವನೆಂದು ಎಡಗಾಲಣ್ಣನ ಹೆಸರೂ ಅಡಿಟಿಪ್ಪಣಿಯಲ್ಲಿ ಬಂತು; ಅದನ್ನು ಮೆಚ್ಚಿ ಅವನನ್ನು ಇನ್ನು ಮೂರು ತಿಂಗಳು ದಿನಗೂಲಿಯಲ್ಲೇ ಮುಂದುವರಿಸಲು ಕೃಪೆಯಿಂದ ಒಪ್ಪಲಾಯಿತು.

ಅಭಿನಂದನಾ ಸಭೆಗೆ ಕುಟುಂಬ ಸಮೇತ ಬರಬೇಕೆಂದು ಅಪ್ಪಣೆಯಾಗಿತ್ತು. ದೊಡ್ಡ ಪರದೆಯ ಮೇಲೆ ಗೋಲನ್ನು ತೋರಿಸಿದರು. ಎಡಗಾಲಣ್ಣ ಎದ್ದು ಕೂಗಿಬಿಡಬೇಕು ಎಂದುಕೊಂಡು, ತನ್ನ ಪರ ಸಾಕ್ಷಿ ಹೇಳಬಲ್ಲ ಒಂದೇ ಒಂದು ಜೀವದ ಕಡೆಗೆ ತಿರುಗಿದ. ಹೆಂಡತಿ ಪರದೆಯಿಂದ ಕಣ್ಣು ಕೀಳದೆ ಚಪ್ಪಾಳೆ ತಟ್ಟುತ್ತಿದ್ದಳು.

"ಏನೇ ಅನ್ನಿ, ಸಾಹೇಬ್ರು ಹೊಡೆದ್ರೆ ಅದರ ಗತ್ತೇ ಬೇರೆ," ಅಂದಳು.

ಅವನು ಕುರ್ಚಿಗೆ ಒರಗಿ ಕೂತ. ಕೊನೆಗೆ ಮೆಲ್ಲಗೆ ಕೇಳಿದ, "ನನ್ನ ಪಾಸು ಸರಿಯಾಗಿತ್ತು ತಾನೇ?"

"ಸ್ವಲ್ಪ ಎಡಕ್ಕೆ ಹೋಯ್ತು ಕಣ್ರೀ. ಸಾಹೇಬ್ರು ಹೇಗೋ ಸುಧಾರಿಸ್ಕೊಂಡ್ರು."

ಎಡಗಾಲಣ್ಣ ಪರದೆಯನ್ನು ಇನ್ನೊಂದು ಸಲ ನೋಡಿದ. ಹೌದು, ಸ್ವಲ್ಪ ಎಡಕ್ಕೇ ಹೋಗಿತ್ತು. ಸಭೆ ಮುಗಿದ ಮೇಲೆ ಸಾಲಿನಲ್ಲಿ ನಿಂತು, ಸಾಹೇಬರ ಕೈ ಹಿಡಿದು ಕ್ಷಮೆ ಕೇಳಿ ಬಂದ.