ನೇರಳೆ ವೈನಿನಲ್ಲಿ ನೆನೆದ ಹಸ್ತಪ್ರತಿ

ನಾನು ಗ್ರಂಥಪಾಲಕ ಎಂದು ಹೇಳಿಕೊಂಡಾಗಲೆಲ್ಲ ಎದುರಿನವರು ನನ್ನನ್ನು ಭಾರೀ ಓದಿಕೊಂಡವನೆಂದು ತಿಳಿಯುತ್ತಾರೆ. ಅವರ ನಂಬಿಕೆ ಕೆಡಿಸುವುದು ಸೌಜನ್ಯವಲ್ಲವೆಂದು ನಾನೂ ಸುಮ್ಮನಿರುತ್ತೇನೆ. ನಿಜವೆಂದರೆ ಕಾರವಾರದ ನಮ್ಮ ಕಾಲೇಜಿನಲ್ಲಿ ಪುಸ್ತಕಗಳಿಗೆ ನಂಬರು ಹಚ್ಚುವುದು, ಮಳೆಗಾಲದಲ್ಲಿ ಬೂಷ್ಟು ಒರೆಸುವುದು, ಇಷ್ಟರಲ್ಲೇ ನನ್ನ ಆಯುಷ್ಯ ಸವೆದಿದೆ. ಪುಸ್ತಕಗಳ ಬೆನ್ನು ನೋಡಿದಷ್ಟು ನಾನು ಒಳಗಿನ ಪುಟ ನೋಡಿಲ್ಲ. ಇರುವುದು ಒಂದೇ ಉದ್ಯೋಗ, ಅದೂ ಅರೆಬರೆ. ಇಂಥವನಿಗೆ ನಾಯಕ ಸರ್ ಅವರ ಸ್ನೇಹ ಸಿಕ್ಕಿದ್ದು ನನ್ನ ಪುಣ್ಯ. ಅವರಿಗೆ ನನ್ನದು ಸಿಕ್ಕಿದ್ದು ಅವರ ಗ್ರಹಚಾರ.

ನಾಯಕ ಸರ್ ನಮ್ಮಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಹುಟ್ಟಿದ್ದು ಚೆಂಡಿಯಾದಲ್ಲಿ. ನೌಕಾನೆಲೆಗೆ ಊರಿನ ಜಮೀನು ಹೋದಾಗ ಇವರ ಮನೆಯೂ ಹೋಯಿತು, ಅಂಕೋಲೆಯ ಕಡೆ ಹೊಸ ಕಾಲೊನಿಯಲ್ಲಿ ಜಾಗ ಸಿಕ್ಕಿತು. ಮನೆ ಬಿಚ್ಚುವಾಗ ಒಬ್ಬ ಆಚಾರಿಯ ಜೊತೆ ನಿಂತು ತೊಲೆ, ಚೌಕಟ್ಟುಗಳನ್ನು ಇಳಿಸಿದವರು ಆ ಕೆಲಸ ಮುಗಿಯುವಷ್ಟರಲ್ಲಿ ತಾವೇ ಅರ್ಧ ಆಚಾರಿಯಾಗಿದ್ದರು. ಉಳಿದರ್ಧವನ್ನು ಹೊಸ ಮನೆಯ ಹಿಂದಿನ ಶೆಡ್ಡಿನಲ್ಲಿ ಕಲಿತರು. ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಭರಣಿಗಳಲ್ಲಿ ನೇರಳೆಹಣ್ಣಿನ ವೈನು ಹುದುಗುತ್ತಿತ್ತು. ಅದು ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಅವರು ಒಮ್ಮೆ ಬಾಯಿತಪ್ಪಿ ಹೇಳಿದ್ದೇ ತಡ, ನಮ್ಮ ಸ್ಟಾಫ್ ರೂಮಿನ ಅರ್ಧಕ್ಕರ್ಧ ಜನ ಸಕ್ಕರೆ ಕಾಯಿಲೆಯವರಾದರು.

ಇಷ್ಟು ಸಾಲದೆಂಬಂತೆ ಅವರು ಒಂದು ಪುಸ್ತಕವನ್ನೂ ಬರೆದಿದ್ದರು. ಬಿಟ್ಟುಬಂದ ಊರಿನ ಪ್ರತಿಯೊಂದು ಮನೆಯ ಕತೆ: ಯಾರ ಅಂಗಳದಲ್ಲಿ ಯಾವ ಮರವಿತ್ತು, ಯಾರ ಬಾವಿಯ ನೀರು ಸಿಹಿ, ಯಾವ ಮನೆಗೆ ಯಾರು ಸೊಸೆಯಾಗಿ ಬಂದರು. ಮುದುಕರನ್ನು ಹುಡುಕಿಕೊಂಡು ಹೋಗಿ ಕೇಳಿ ಬರೆದಿದ್ದರು. ಶಾಯಿ ಪೆನ್ನಿನ ಮುದ್ದಾದ ಅಕ್ಷರ. ಅದನ್ನು ತಾವೇ ಮಾಡಿದ, ಒಂದೂ ಮೊಳೆಯಿಲ್ಲದ ಹಲಸಿನ ಮರದ ಪೆಟ್ಟಿಗೆಯಲ್ಲಿಟ್ಟು, ಓದಿ ಭಾಷೆ ತಿದ್ದಿಕೊಡಿ, ಮೊದಲು ಒಂದು ಜೆರಾಕ್ಸ್ ಮಾಡಿಸಿ ಎಂದು ನನ್ನ ಕೈಗಿತ್ತರು. ಜೊತೆಗೊಂದು ಬಾಟಲಿ ವೈನು. ಅದಿನ್ನೂ ಹುದುಗುತ್ತಿದೆ, ಮುಚ್ಚಳ ಬಿಗಿ ಮಾಡಬೇಡಿ ಎಂಬ ಎಚ್ಚರಿಕೆಯೂ ಇತ್ತು. ನಾನು ಓದಲೂ ಇಲ್ಲ, ಜೆರಾಕ್ಸೂ ಮಾಡಿಸಲಿಲ್ಲ. ಮುಚ್ಚಳವನ್ನು ಮಾತ್ರ ಬಿಗಿ ಮಾಡಿದೆ.

ಅದಕ್ಕೊಂದು ಕಾರಣವಿತ್ತು. ಶಿರಸಿ ಕಡೆಯ ನನ್ನ ಮಾವ ಪೌರೋಹಿತ್ಯದವರು. ಅವರು ಶಿರವಾಡದ ನಮ್ಮ ಮನೆಗೆ ಎರಡು ದಿನಕ್ಕೆಂದು ಬಂದಿಳಿದಾಗ ಬಾಟಲಿ ಅಡಿಗೆಮನೆಯಲ್ಲಿ ಎದ್ದು ಕಾಣುವಂತೆ ನಿಂತಿತ್ತು. ವಾಸನೆ ಬಾರದಿರಲೆಂದು ಮುಚ್ಚಳವನ್ನು ಬಲವಾಗಿ ತಿರುವಿ, ಯಾರೂ ತೆರೆಯದ ಜಾಗವೆಂದು ಅದೇ ಪೆಟ್ಟಿಗೆಯೊಳಗೆ ಹಸ್ತಪ್ರತಿಯ ಪಕ್ಕ ಮಲಗಿಸಿದೆ. ಮರುದಿನ ಮಧ್ಯಾಹ್ನ ಊಟವಾಗಿ ಮಾವ ಅಡ್ಡಾಗಿದ್ದಾಗ ಢಮ್ಮೆಂದಿತು. ನೌಕಾನೆಲೆಯಲ್ಲಿ ಏನೋ ಹಾರಿಸಿರಬೇಕೆಂದು ಮಾವ ಮಗ್ಗುಲು ಬದಲಿಸಿದರು. ನಾನು ಪೆಟ್ಟಿಗೆ ತೆರೆದೆ. ನಾಯಕ ಸರ್ ಅವರ ಕೆಲಸ ಎಷ್ಟು ಅಚ್ಚುಕಟ್ಟೆಂದರೆ ಒಂದು ಹನಿಯೂ ಹೊರಗೆ ಸೋರಿರಲಿಲ್ಲ. ಅಷ್ಟೂ ವೈನನ್ನು ಹಸ್ತಪ್ರತಿಯೇ ಕುಡಿದಿತ್ತು.

ನಾನೂ ನನ್ನ ಹೆಂಡತಿ ಭಾರತಿಯೂ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗಕ್ಕೆ ಹಾಕಿದೆವು. ಎದ್ದು ಬಂದ ಮಾವನಿಗೆ ನೇರಳೆ ಕಷಾಯ ಚೆಲ್ಲಿತೆಂದೆ. ಅವರು ನಂಬಿದರೋ ಬಿಟ್ಟರೋ, ಏನೂ ಕೇಳದೆ ತಮ್ಮ ಒಗೆದ ಪಂಚೆಯನ್ನು ನೆಲಕ್ಕೆ ಹಾಸಿಕೊಟ್ಟು ತಾವೂ ಹಾಳೆ ಹರಡಲು ಕೂತರು. ಸಂಜೆಯ ಹೊತ್ತಿಗೆ ಲೆಕ್ಕ ಹಿಡಿದರೆ ನಲವತ್ತು ಪುಟಗಳಲ್ಲಿ ಒಂದಕ್ಷರವೂ ಉಳಿದಿರಲಿಲ್ಲ.

ಮರುದಿನ ಭಾನುವಾರ. ಭಾರತಿಯನ್ನು ಧೈರ್ಯಕ್ಕೆ ಕರೆದುಕೊಂಡು ಅಂಕೋಲೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನೋ ಸುಳ್ಳು ಹೊಸೆದೆ. ಶೆಡ್ಡಿನಲ್ಲಿ ಹಲಗೆಗೆ ಉಜ್ಜುಗೊರಡು ಹೊಡೆಯುತ್ತಿದ್ದ ಅವರ ಮುಖ ಕಂಡ ಕೂಡಲೇ ಎಲ್ಲ ಮರೆತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಉಜ್ಜುಗೊರಡು ಕೆಳಗಿಟ್ಟು, ನಾನು ತಂದಿದ್ದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ನಾನು ನೆಲದ ಮೇಲಿದ್ದ ಮರದ ಹೊಟ್ಟನ್ನು ಕಾಲಿನಿಂದ ಗುಡ್ಡೆ ಮಾಡುತ್ತ ನಿಂತಿದ್ದೆ.

"ಯಾರಿಗೂ ಗಾಜು ತಾಗ್ಲಿಲ್ಲ ಅಲ್ದಾ?" ಎಂದರು ಕೊನೆಗೆ.

ಇಲ್ಲವೆಂದೆ. ಅವರು ಒಂದು ಹಾಳೆ ಎತ್ತಿ ಮೂಸಿ, ಹುಳಿ ಸ್ವಲ್ಪ ಜಾಸ್ತಿಯಾಗಿದೆ ಎಂದು ಗೊಣಗಿದರು. ಆಮೇಲೆ ಶೆಡ್ಡಿನ ಗೋಡೆಗೆ ಒರಗಿಸಿದ್ದ ಹಳೆಯ ಮರಗಳ ಹತ್ತಿರ ಹೋದರು. ಊರು ಬಿಡುವಾಗ ಒಬ್ಬೊಬ್ಬರು ಬೇಡವೆಂದು ಬಿಟ್ಟ ತುಂಡುಗಳನ್ನು ಇವರು ಗಾಡಿ ಮಾಡಿ ತಂದಿಟ್ಟುಕೊಂಡಿದ್ದರು. ಒಂದರ ಮೇಲೆ ಕೈಯಿಟ್ಟು, "ಭಟ್ರೇ, ಕೂತ್ಕಣಿ. ಇದು ಸಾಣು ಗೌಡನ ಮನೆ ಬಾಗಿಲ ಚೌಕಟ್ಟು. ಬರ್ಕಣಿ," ಎಂದರು.

ನಾನು ಬರೆದುಕೊಂಡೆ. ಅವರು ಚೌಕಟ್ಟು ಸವರುತ್ತ ಆ ಮನೆಯ ಅಂಗಳ, ಬಾವಿ, ಸೊಸೆಯಂದಿರು, ಕುಂಟು ಎಮ್ಮೆ ಎಲ್ಲವನ್ನೂ ಹೇಳಿದರು. ಅದು ಮುಗಿದ ಮೇಲೆ ಪಕ್ಕದ ತೊಲೆ, ಆಮೇಲೊಂದು ಕಿಟಕಿಯ ದಾರಂದ. ಕೈ ಮರದ ಮೇಲಿದ್ದಷ್ಟು ಹೊತ್ತು ಮಾತು ತಡವರಿಸುತ್ತಿರಲಿಲ್ಲ. ನೆಲಸಮವಾದ ಒಂದು ಊರು ಆ ತಗಡಿನ ಶೆಡ್ಡಿನಲ್ಲಿ ಮನೆಮನೆಯಾಗಿ ಏಳುತ್ತಿತ್ತು. ಇಷ್ಟು ವರ್ಷ ಪುಸ್ತಕಗಳ ನಡುವೆ ಬದುಕಿದವನಿಗೆ ಪುಸ್ತಕವೆಂದರೆ ಏನೆಂದು ಅಂದು ಮೊದಲ ಬಾರಿ ಗೊತ್ತಾಯಿತು.

ಹೀಗೆ ಐದಾರು ಭಾನುವಾರ ನಾನೂ ಭಾರತಿಯೂ ಹೋಗಿಬಂದೆವು. ಅಳಿಸಿಹೋದವುಗಳಲ್ಲಿ ಇನ್ನು ಉಳಿದದ್ದು ದೇವಮ್ಮನ ಮನೆಯೊಂದೇ. ಅವಳದು ಮಣ್ಣಿನ ಗುಡಿಸಲು, ಅದರಿಂದ ಮರ ಬಂದಿರಲಿಲ್ಲ. ತನ್ನ ಕತೆ ಹೇಳಿದ ತಿಂಗಳಿಗೇ ಅವಳು ತೀರಿಕೊಂಡಿದ್ದಳು. ನಾಯಕ ಸರ್ ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಅವಳ ಮಾತು ಅವಳ ಬಾಯಲ್ಲೇ ಬರಬೇಕಿತ್ತು, ನಾನು ಹೇಳಿದರೆ ನನ್ನದಾಗುತ್ತದೆ ಎಂದರು. ಅವರು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಸರ್, ಅದು ನಂಗೆ ನೆನಪಿದೆ," ಎಂದಳು ಭಾರತಿ.

ನಾನು ಕಾಲೇಜಿಗೆ ಹೋದ ಮಧ್ಯಾಹ್ನಗಳಲ್ಲಿ ಅವಳು ಇಡೀ ಹಸ್ತಪ್ರತಿಯನ್ನು ಓದಿದ್ದಳಂತೆ. ದೇವಮ್ಮನ ಅಧ್ಯಾಯವನ್ನು ಮೂರು ಸಲ. ದೇವಮ್ಮ ಊರು ಬಿಡುವ ಮುಂಜಾನೆ ಯಾರಿಗೂ ಬೇಡವಾಗುವ ಅಂಗಳವನ್ನು ಸೆಗಣಿ ಹಾಕಿ ಸಾರಿಸಿ, ರಂಗೋಲಿ ಇಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಅದನ್ನು ದಾಟಿದ್ದನ್ನು ಭಾರತಿ ಆ ಮುದುಕಿಯ ಮಾತಿನಲ್ಲೇ ಹೇಳಿದಳು. ನಾಯಕ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಬರೆಯುತ್ತಿದ್ದ ನಾನು ತಲೆ ಎತ್ತಲಿಲ್ಲ.

ಮರುವರ್ಷ ಪುಸ್ತಕ ಬಂತು. ಮುನ್ನುಡಿಯಲ್ಲಿ ಭಾರತಿಗೆ ಅರ್ಧ ಪುಟದ ಕೃತಜ್ಞತೆಯಿದೆ. ನನಗೆ ಒಂದೇ ಸಾಲು: ‘ಈ ಪುಸ್ತಕವನ್ನು ನಾನು ಎರಡೆರಡು ಸಲ ಬರೆಯಲು ಕಾರಣರಾದ ಗೆಳೆಯ ಭಟ್ಟರಿಗೆ ಋಣಿ.’ ಅದನ್ನು ಓದಿದವರು ನನ್ನನ್ನು ಭಾರೀ ನಿಷ್ಠುರ ವಿಮರ್ಶಕನೆಂದು ತಿಳಿದಿದ್ದಾರೆ. ಈಚೆಗೆ ಸದಾಶಿವಗಡದ ಯುವಕವಿಯೊಬ್ಬರು ತಮ್ಮ ಕವಿತೆಗಳ ಕಟ್ಟು ತಂದು, ದಾಕ್ಷಿಣ್ಯವಿಲ್ಲದೆ ನೋಡಿ ಸರ್ ಎಂದು ಕೊಟ್ಟುಹೋದರು. ಭಾರತಿ ಓದುತ್ತಿದ್ದಾಳೆ. ಅವಳದು ಮುಗಿದ ಮೇಲೆ ನನ್ನ ಅಭಿಪ್ರಾಯ ತಿಳಿಸುತ್ತೇನೆ.